ಬಾನೆಟ್ ಮೇಲಿನ ಹಕ್ಕರಿಕೆ

ನಮ್ಮನೆಯವರ ಮುಖ ನೋಡುತ್ತ ಕೂರುವುದೇ ನನಗೀಗ ಒಂದು ಕೆಲಸ. ಮದುವೆಯಾದ ಹೊಸದರಲ್ಲಿ ಹೀಗೆ ನೋಡಿದ್ದರೆ ಅವರಿಗೂ ಖುಷಿಯಾಗುತ್ತಿತ್ತೇನೋ. ಈಗ ನೋಡಿದರೆ "ಏನ ನೋಡ್ತಿ?" ಎಂದು ಗೋಡೆ ಕಡೆ ತಿರುಗುತ್ತಾರೆ. ಆದರೂ ನೋಡಲೇಬೇಕು. ರೊಟ್ಟಿ ಮುರಿಯುವ ಕೈ, ಹಲ್ಲುಜ್ಜುವಾಗಿನ ತುಟಿ, ಟೀವಿ ಮುಂದೆ ಕಣ್ಣು ಒಂದೇ ಕಡೆ ನಿಂತರೆ ಅದು ನಿಂತದ್ದು ಕ್ರಿಕೆಟ್ಟಿಗೋ ಬೇರೆ ಯಾವುದಕ್ಕೋ ಎಂಬುದು. ನೋಡಿ ನೋಡಿ ನನಗೆ ಸಾಕಾಗಿದೆ. ಸಾಕಾಗಿದೆ ಎಂದು ಹೇಳಲಿಕ್ಕೆ ನಾಚಿಕೆಯೂ ಉಳಿದಿಲ್ಲ.

ಅವರು ಸರ್ಕಾರಿ ಬಸ್ಸಿನ ಡ್ರೈವರ್. ಮನೆ ರಾಣೆಬೆನ್ನೂರಿನಲ್ಲಿ. ಒಂದು ವಾರ ಬ್ಯಾಡಗಿ ಮೇಲೆ ಹಾವೇರಿಗೆ ಹೋಗಿಬರುವ ಗಾಡಿ, ಇನ್ನೊಂದು ವಾರ ಮೇಡ್ಲೇರಿ ವಸ್ತಿ. ವಸ್ತಿ ಎಂದರೆ ಕಡೆಯ ಟ್ರಿಪ್ಪಿಗೆ ಊರು ಮುಟ್ಟಿ, ಬಸ್ಸಿನಲ್ಲೇ ಮಲಗಿ, ಬೆಳಗಾದರೆ ಅದೇ ಗಾಡಿ ಹೊರಡಿಸುವುದು. ನಾನು ಬ್ಯಾಡಗಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ಅವರಿಗೆ ಹಾವೇರಿ ಪಾಳಿ ಇದ್ದ ವಾರ ಅವರ ಗಾಡಿಯಲ್ಲೇ ಸಾಲಿಗೆ ಹೋಗುತ್ತಿದ್ದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಡ್ರೈವರನ ಹೆಂಡತಿಗೂ ಸೀಟಿಲ್ಲ. ಕಂಬ ಹಿಡಿದು ನಿಂತು ಅವರ ಬೆನ್ನು ನೋಡುತ್ತ ಹೋಗುತ್ತಿದ್ದೆ. ಮನೆಯಲ್ಲಿ ಕುಡಿದ ಲೋಟ ಎತ್ತಿಡಲು ಬಾರದ ಮನುಷ್ಯ ಅಷ್ಟು ದೊಡ್ಡ ಗಾಡಿಯನ್ನು ಸಂತೆಯ ಜನರ ನಡುವೆ ಯಾರ ಸೀರೆಗೂ ತಾಗದ ಹಾಗೆ ಒಯ್ಯುವುದನ್ನು ಕಂಡರೆ ಸಿಟ್ಟೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಸ್ಟೇರಿಂಗ್ ಹಿಡಿದಾಗ ಮಾತ್ರ ಅವರು ಪೂರಾ ಎಚ್ಚರವಾಗಿರುತ್ತಾರೆ ಎಂದು ನಾನು ಅವರನ್ನು ಕಾಡುತ್ತಿದ್ದೆ.

ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳಿಗೂ ಬಸ್ ಡ್ರೈವರಿಗೂ ನಮ್ಮ ಕಡೆ ಒಂದು ಒಳ ಒಪ್ಪಂದವಿದೆ. ಸ್ಟಾಪಿಲ್ಲದ ಜಾಗದಲ್ಲಿ, ತಮ್ಮ ಹೊಲದ ಎದುರಿಗೆ, ಬುಟ್ಟಿ ಹೊತ್ತು ಕೈ ಮಾಡಿದರೆ ಗಾಡಿ ನಿಲ್ಲಬೇಕು. ನಿಲ್ಲಿಸಿದ ಡ್ರೈವರಿಗೆ ಇಳಿಯುವಾಗ ಒಂದು ಸಿವುಡು ಹಕ್ಕರಿಕೆಯನ್ನೋ ಮೆಂತ್ಯವನ್ನೋ ಅವನ ಪಕ್ಕದ ಬಾನೆಟ್ ಮೇಲೆ ಇಟ್ಟು ಹೋಗುತ್ತಾರೆ. ಇವರು ಕೇಳುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಹಕ್ಕರಿಕೆ ಬೇಯಿಸುವ ಸೊಪ್ಪಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಜೊತೆ ಹಸಿಯದನ್ನೇ ಕಚ್ಚಿ ತಿನ್ನಬೇಕು. ಹಸಿ ತಪ್ಪಲು, ಸೊಪ್ಪು ಇಲ್ಲದ ಗಂಗಾಳ ಕಂಡರೆ ನಮ್ಮನೆಯವರು "ಇದೇನು ಆಸ್ಪತ್ರಿ ಊಟ?" ಎನ್ನುತ್ತಿದ್ದರು.

ಆ ಸಿವುಡುಗಳು ಯಾವಾಗಲೂ ಒದ್ದೆಯಾಗಿರುತ್ತಿದ್ದವು. ಬಾಡದಿರಲಿ ಎಂದು ಕಿತ್ತ ಕೂಡಲೇ ರಸ್ತೆ ಪಕ್ಕದ ಕಾಲುವೆಯಲ್ಲಿ ಅದ್ದಿ ತರುವುದು ರೂಢಿ. ನೀರು ತೊಟ್ಟಿಕ್ಕುತ್ತ, ಎಲೆ ಫಳಫಳ ಹೊಳೆಯುತ್ತ ಮನೆಗೆ ಬರುತ್ತಿತ್ತು. ನಾನು ನಳದ ಕೆಳಗೆ ಹಿಡಿಯಹೋದರೆ ಅವರು ಕೈಯಿಂದ ಕಸಿದುಕೊಳ್ಳುತ್ತಿದ್ದರು. "ತೊಳದ ತಂದಾರ ನೋಡು, ಇನ್ನೂ ನೀರು ಇಳ್ಯಾಕತ್ತೈತಿ. ಮತ್ತ ತೊಳದ್ರ ಸಪ್ಪಗ ಆಗ್ತೈತಿ." ನಮ್ಮತ್ತೆಯದೂ ಅದೇ ಮಾತು. ಒದ್ದೆಯಿದ್ದರೆ ತೊಳೆದದ್ದು ಎಂದು ನಮ್ಮ ಮನೆ ಏನು, ಸುತ್ತಲಿನ ಎಲ್ಲ ಮನೆಗಳೂ ನಂಬಿದ್ದವು. ಬೆಳಿಗ್ಗೆ ಜನ ಚೊಂಬು ಹಿಡಿದು ಕಾಲುವೆ ದಂಡೆಗೆ ಹೋಗುವುದು ಬಸ್ಸಿನ ಕಿಟಕಿಯಿಂದ ಕಾಣುತ್ತಿತ್ತು. ಯಾವ ಊರೆಂದು ಹೇಳುವುದು, ಸಂಡಾಸು ಕಟ್ಟಿಸಿದ ಊರಲ್ಲೂ ಕೆಲವರಿಗೆ ಬಯಲೇ ಬೇಕು. ಅದನ್ನೂ ನೋಡಿದ್ದೆವು, ಇದನ್ನೂ ನೋಡಿದ್ದೆವು. ಎರಡನ್ನೂ ಕೂಡಿಸಿ ಯಾರೂ ನೋಡಿರಲಿಲ್ಲ.

ಅದು ಮೆಣಸಿನಕಾಯಿ ಸುಗ್ಗಿ. ಬ್ಯಾಡಗಿ ಸ್ಟ್ಯಾಂಡಿನಲ್ಲಿ ಇಳಿದವರೆಲ್ಲ ಸೀನುವ ಕಾಲ. ಇವರು ಗಾಡಿ ನಿಲ್ಲಿಸಿ, ಕೆಳಗಿಳಿದು, ಚಹಾ ಹಿಡಿದಿದ್ದರು. ನಾನು ಸಾಲಿ ಕಡೆ ಹೊರಟಿದ್ದೆ. ಲೋಟ ಒಡೆದ ಸಪ್ಪಳಕ್ಕೆ ತಿರುಗಿದರೆ ಅವರು ನೆಲದ ಮೇಲೆ ಕೈಕಾಲು ಬಡಿಯುತ್ತಿದ್ದರು. ಯಾರೋ ಅವರ ಮುಷ್ಟಿಗೆ ಕೀಲಿಕೈ ತುರುಕಿದರು, ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಅವರ ಜೋಡಿಯ ಕಂಡಕ್ಟರು, ವರ್ಷಗಟ್ಟಲೆ ಒಂದೇ ಗಾಡಿಯಲ್ಲಿ ದುಡಿದ ಮುಸಲ್ಮಾನ ಗೆಳೆಯ, ಎಲ್ಲರನ್ನೂ ದೂಡಿ ಇವರನ್ನು ಮಗ್ಗುಲಿಗೆ ಹೊರಳಿಸಿ ತಲೆ ಹಿಡಿದು ಕೂತರು. ನಾನು ಛತ್ರಿ ಹಿಡಿದು ನಿಂತೇ ಇದ್ದೆ. ಬಿಸಿಲಿಗೆ ಅವರ ಮುಖಕ್ಕೆ ನೆರಳು ಮಾಡುವುದೊಂದು ಬಿಟ್ಟು ನನಗೆ ಏನೂ ತೋಚಲಿಲ್ಲ.

ಬಸ್ಸಿನ ಕಿಟಕಿಗಳ ತುಂಬ ಮುಖಗಳಿದ್ದವು. "ಗಾಡಿ ನಿಂತಿತ್ತು, ಪುಣ್ಯಾ" ಎಂದು ಯಾರೋ ಅಂದರು. ಇನ್ನೊಬ್ಬರೂ ಅದನ್ನೇ ಅಂದರು. ಆಮೇಲೆ ಮನೆಗೆ ಮಾತಾಡಿಸಲು ಬಂದವರೆಲ್ಲ ಅದನ್ನೇ ಅಂದರು. ಆ ಮಾತು ನನಗೆ ಸಮಾಧಾನವಾಗಿ ಕೇಳಲಿಲ್ಲ, ಹೆದರಿಕೆಯಾಗಿ ಕೇಳಿತು.

ಹಾವೇರಿಗೆ ವಾರಕ್ಕೊಮ್ಮೆ ಬರುವ ನರದ ಡಾಕ್ಟರು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ತೋರಿಸಿದರು. ಮಿದುಳಿನ ಬೂದು ಬಣ್ಣದ ನಡುವೆ ಒಂದು ಸಣ್ಣ ಉಂಗುರ, ಉಂಗುರದೊಳಗೆ ಒಂದು ಚುಕ್ಕೆ. "ಗುಳ್ಳಿ ಐತ್ರಿ. ಒಳಗಿನ ಚುಕ್ಕಿ ಹುಳದ ತಲಿ. ಲಾಡಿಹುಳದ ಮರಿ." ಲಾಡಿಹುಳು ನನಗೆ ಗೊತ್ತಿಲ್ಲದ್ದಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದವಳು ನಾನು. ಆದರೆ ಪುಸ್ತಕದಲ್ಲಿ ಅದು ಹೊಟ್ಟೆಯಲ್ಲಿರುತ್ತದೆ, ತಲೆಯಲ್ಲಲ್ಲ. "ಹಂದಿಯೊಳಗ ಇರ್ತೈತಲ್ಲ, ಅದ ಹುಳಾ" ಎಂದರು ಡಾಕ್ಟರು.

ನಮ್ಮತ್ತೆ ಜೊತೆಗೆ ಬಂದಿದ್ದರು. ಕೊರಳಲ್ಲಿ ಲಿಂಗವಿರುವ, ತತ್ತಿ ಸೈತ ಹೊಸ್ತಿಲು ದಾಟದ ಮನೆ ನಮ್ಮದು. ಅವರು ಮಗನ ಕಡೆ ತಿರುಗಿದರು. "ವಸ್ತಿಗೆ ಹೋದಾಗ ಏನ ತಿಂದಿ? ಖರೇ ಹೇಳು." ಇವರು ತಲೆನೋವಿನಲ್ಲೂ ಎದ್ದು ಕೂತರು. "ಯವ್ವಾ, ನೀ ಕಟ್ಟಿದ ಬುತ್ತಿ ಬಿಟ್ರ ಏನೂ ತಿಂದಿಲ್ಲ." ಅತ್ತೆ ನಂಬಲಿಲ್ಲ. ಹೆತ್ತ ತಾಯಿಗೆ ಮಗನ ತಲೆಯಲ್ಲಿ ಹುಳವಿದೆ ಎಂಬುದಕ್ಕಿಂತ ಆ ಹುಳ ಯಾವ ಪ್ರಾಣಿಯದು ಎಂಬುದೇ ದೊಡ್ಡದಾಗಿತ್ತು. ನನಗೆ ಅಳು ಬರಬೇಕಾಗಿತ್ತು, ಸಿಟ್ಟು ಬಂತು.

ಡಾಕ್ಟರು ಇಂಥದ್ದನ್ನು ಬಹಳ ಸಲ ಕಂಡಿರಬೇಕು. ಬೇಸರವಿಲ್ಲದೆ ಬಿಡಿಸಿ ಹೇಳಿದರು. "ಅವ್ವಾರ, ಹಂದಿ ಮಾಂಸ ಅರ್ಧಾ ಬೇಯಿಸಿ ತಿಂದವರಿಗೆ ಹೊಟ್ಟ್ಯಾಗ ಹುಳಾ ಬೆಳೀತೈತಿ. ಅವರು ಬಯಲಿಗೆ ಕುಂತಾಗ ಅದರ ತತ್ತಿ ಹೊರಗ ಬಿದ್ದು ಮಣ್ಣಿಗೆ, ನೀರಿಗೆ ಸೇರ್ತಾವು. ಕಣ್ಣಿಗೆ ಕಾಣಂಗಿಲ್ಲ. ಆ ತತ್ತಿ ಹಸಿ ತಪ್ಪಲದ ಜೋಡಿ ಬಾಯಿಗೆ ಬಂದ್ರ ಮರಿ ರಕ್ತದಾಗ ಹೊಂಟು ತಲಿಗೆ ಏರತೈತಿ. ನಿಮ್ಮ ಮಗ ಏನ ತಿಂದಾನ ಅನ್ನೋದಲ್ರಿ. ತಿಂದದ್ದರ ಮ್ಯಾಲ ಏನಿತ್ತು ಅನ್ನೋದು." ನನ್ನ ಕಣ್ಣ ಮುಂದೆ ಬಾನೆಟ್ ಮೇಲೆ ನೀರು ತೊಟ್ಟಿಕ್ಕುವ ಆ ಹಸಿರು ಸಿವುಡು ಬಂದು ನಿಂತಿತು.

ಮನೆಗೆ ಬಂದ ಕಂಡಕ್ಟರ ಮುಂದೆ ಅತ್ತೆ ಮತ್ತೆ ವಿಚಾರಣೆ ತೆಗೆದರು. ಕಂಡಕ್ಟರು ಗಲ್ಲ ಗಲ್ಲ ಬಡಿದುಕೊಂಡರು. "ತೋಬಾ ತೋಬಾ, ಅವ್ವಾರ, ಇಂವ ನಮ್ಮ ಬುತ್ತಿ ಕಡೆ ಹೊಳ್ಳಿ ಸೈತ ನೋಡಿಲ್ಲ. ನಾನ ಇವನ ಹಕ್ಕರಿಕಿ ತಿಂದೇನಿ." ಅಂದವರ ಮುಖ ಸಣ್ಣದಾಯಿತು. "ಅಕ್ಕೋರ, ಹಂಗಾರ ನನ್ನ ತಲಿಯೊಳಗೂ ಆ ಜಾತಿ ಹುಳಾ ಇರಬಹುದೇನ್ರಿ?" ಆ ಹೊತ್ತಿನಲ್ಲೂ ನನಗೆ ನಗು ಬಂತು. ಯಾರು ಏನು ಉಣ್ಣುವುದಿಲ್ಲ ಎಂಬುದರ ಮೇಲೆ ನಾವೆಲ್ಲ ಎಷ್ಟು ಗಟ್ಟಿಯಾಗಿ ನಿಂತಿದ್ದೆವು! ಹುಳಕ್ಕೆ ಅದರ ಖಬರೇ ಇರಲಿಲ್ಲ. ಹಂದಿಗೂ ಅದು ಬರುವುದು ಮನುಷ್ಯ ಬಿಟ್ಟ ಹೊಲಸಿನಿಂದಲೇ ಎಂದು ತಿಳಿದ ಮೇಲೆ ನನಗೆ ಹಂದಿಯ ಮೇಲೆ ಕನಿಕರವೇ ಹುಟ್ಟಿತು.

ಮನೆಯವರೆಲ್ಲ ತಪಾಸಣೆ ಮಾಡಿಸಬೇಕೆಂದು ಆಸ್ಪತ್ರೆಯಲ್ಲಿ ಒಬ್ಬೊಬ್ಬರಿಗೂ ಮಲ ತರಲು ಸಣ್ಣ ಡಬ್ಬಿ ಕೊಟ್ಟರು. ಅತ್ತೆ ಆ ಡಬ್ಬಿಯನ್ನು ಸೀರೆಯಲ್ಲಿ ಮುಚ್ಚಿಕೊಂಡು ಹೋದ ರೀತಿ ನೆನೆದರೆ ಈಗಲೂ ಪಾಪ ಅನಿಸುತ್ತದೆ. ನಮಗೆ ಯಾರಿಗೂ ಏನೂ ಇರಲಿಲ್ಲ. ಒಂದೇ ಗಂಗಾಳದ ಸೊಪ್ಪು ತಿಂದ ನಮ್ಮನ್ನು ಬಿಟ್ಟು ಅವರನ್ನೇ ಯಾಕೆ ಹಿಡಿಯಿತು ಎಂದು ಕೇಳಿದೆ. ಡಾಕ್ಟರು ಮಾತ್ರೆಯ ಚೀಟಿ ಬರೆಯತೊಡಗಿದರು.

ಆಮೇಲೆ ಮಾತ್ರೆಗಳ ಕಾಲ. ಹುಳ ಸಾಯಲು ಒಂದು, ಅದು ಸಾಯುವಾಗ ಮಿದುಳು ಊದದಂತೆ ಒಂದು, ಫಿಟ್ಸ್ ಬರದಂತೆ ಒಂದು. ಅವರ ಮುಖ ದಪ್ಪವಾಯಿತು, ಸಿಟ್ಟು ಹೆಚ್ಚಾಯಿತು, ಹಸಿವು ಕೇಳಬೇಡಿ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಮಾತ್ರೆ ಕೊಟ್ಟು, ಬಸ್ಸು ಹಿಡಿದು ಸಾಲಿಗೆ ಹೋಗಿ, ಬಂದು ಮತ್ತೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಹಕ್ಕರಿಕೆಯನ್ನು ಕುದಿಸಲು ಶುರು ಮಾಡಿದರು. ಕುದಿಸಿದ ಹಕ್ಕರಿಕೆ ತಿನ್ನುವುದು ಒಂದು ಶಿಕ್ಷೆ. ಆದರೂ ಎಲ್ಲರೂ ತಿಂದೆವು.

ಎರಡನೇ ಸ್ಕ್ಯಾನಿನಲ್ಲಿ ಉಂಗುರ ಹೋಗಿ ಸುಣ್ಣದ ಹರಳಿನಂಥ ಬಿಳಿ ಚುಕ್ಕೆ ಉಳಿದಿತ್ತು. "ಹುಳಾ ಸತ್ತೈತಿ, ಗುರುತು ಉಳದೈತಿ" ಎಂದರು ಡಾಕ್ಟರು. "ಆ ಗುರುತು ಕಾಡಬಹುದು, ಕಾಡದೇನೂ ಇರಬಹುದು. ಮಾತ್ರಿ ಬಿಡಬ್ಯಾಡ್ರಿ. ಇನ್ನೊಂದ ಸಲ ಫಿಟ್ಸ್ ಬರದಂಗ ದಿನಾ ಕಳೀಲಿ, ಆಮ್ಯಾಲ ಸ್ಟೇರಿಂಗಿನ ಮಾತು ಆಡೂಣು." ನಮ್ಮನೆಯವರಿಗೆ ಕೇಳಿಸಿದ್ದು ಕಡೆಯ ಮಾತು ಮಾತ್ರ. ಅವತ್ತಿನಿಂದ ಅವರು ಬದುಕಿದ್ದೇ ಆ ಮಾತಿನ ಮೇಲೆ.

ಅಲ್ಲಿಯವರೆಗೆ ಅವರಿಗೆ ಕೊಟ್ಟದ್ದು ಹಗುರ ಕೆಲಸ. ರಾಣೆಬೆನ್ನೂರು ಸ್ಟ್ಯಾಂಡಿನಲ್ಲಿ ಕೂತು ಮೈಕಿನಲ್ಲಿ ಬಸ್ ಕೂಗುವುದು. ತಾನು ಓಡಿಸುತ್ತಿದ್ದ ಗಾಡಿಯನ್ನು ಬೇರೊಬ್ಬ ತೆಗೆದುಕೊಂಡು ಹೋಗುವಾಗ ಇವರು ಕೂಗಬೇಕು: "ಬ್ಯಾಡಗಿ ಮಾರ್ಗವಾಗಿ ಹಾವೇರಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ." ಮನೆಯಲ್ಲಿ ಐತಿ ಹೋಗೈತಿ ಎನ್ನುವವರು ಮೈಕಿನ ಮುಂದೆ ಪುಸ್ತಕದ ಕನ್ನಡ ಆಡುವುದು ಕೇಳಿ ನಾನು ಮೊದಲ ದಿನ ನಕ್ಕೆ. ಅವರು ನಗಲಿಲ್ಲ. ಪಲ್ಲೆಯ ಹೆಣ್ಣುಮಕ್ಕಳು ಕಿಟಕಿಗೆ ಬಂದು "ಡ್ರೈವರಣ್ಣಾ, ಯಾವಾಗ ಬರ್ತಿ ಗಾಡಿ ಮ್ಯಾಲ?" ಎಂದು ಕೇಳುತ್ತಿದ್ದರಂತೆ. "ಇನ್ನೇನು, ಬರ್ತೇನಿ" ಎನ್ನುತ್ತಿದ್ದರಂತೆ.

ಹಾವೇರಿಯ ಡಾಕ್ಟರ ಬಳಿ ಹೋಗುವ ದಿನ ಹತ್ತಿರ ಬಂದಿತ್ತು. ಒಂದು ರವಿವಾರ ಅವರು ಊಟಕ್ಕೆ ಕೂತಿದ್ದರು. ಅತ್ತೆ ಗುಡಿಗೆ ಹೋಗಿದ್ದರು. ನಾನು ಒಲೆಯ ಮುಂದಿನಿಂದ ರೊಟ್ಟಿ ಹಿಡಿದು ತಿರುಗಿದೆ. ಅವರ ಬಲಗೈ ತುತ್ತು ಹಿಡಿದು ಬಾಯಿಯ ಹತ್ತಿರ ನಿಂತಿತ್ತು. ಎಡಗೈಯ ಬೆರಳು ಹೆಗಲ ಮೇಲಿನ ಟವೆಲಿನ ಅಂಚನ್ನು ಕೀಳುತ್ತಿದ್ದವು. ತುಟಿ ಚಪ್ಪರಿಸುತ್ತಿದ್ದವು, ಬಾಯಲ್ಲಿ ಏನೂ ಇರಲಿಲ್ಲ. ಕರೆದೆ. ಕಣ್ಣು ನನ್ನ ಕಡೆಯೇ ಇತ್ತು, ನಾನು ಅದರಲ್ಲಿ ಇರಲಿಲ್ಲ. ಕೈಯಲ್ಲಿನ ರೊಟ್ಟಿ ಸುಡುತ್ತಿದ್ದರೂ ನಾನು ಕೆಳಗಿಡಲಿಲ್ಲ. ಆಮೇಲೆ ಕೈ ಬಾಯಿಗೆ ಹೋಯಿತು. ಅಗಿದರು. "ಚಟ್ನಿ ಹಾಕು, ಏನ ನಿಂತಿ?" ಎಂದರು.

ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಚಟ್ನಿ ಹಾಕಿದೆ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಅವರು ಖಾಕಿ ಅಂಗಿ ಇಸ್ತ್ರಿ ಮಾಡಿಸಿ ತಂದು ಗೂಟಕ್ಕೆ ಹಾಕಿದರು. ಅದನ್ನು ನೋಡಿದಾಗಲೆಲ್ಲ ನನ್ನ ಜೀವ ಹಾರುತ್ತಿತ್ತು. ಸಾಲಿಗೆ ಹೋಗುವಾಗ ಬಸ್ಸಿನಲ್ಲಿ ನಿಂತು ಒಳಗಿನ ಜನರನ್ನು ನೋಡುತ್ತಿದ್ದೆ. ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹೆಂಗಸರು, ಕಾಲೇಜು ಹುಡುಗಿಯರು, ಮೊಮ್ಮಗುವನ್ನು ತೊಡೆ ಮೇಲೆ ಹಾಕಿಕೊಂಡ ಮುದುಕಿ. ಯಾರೂ ಡ್ರೈವರನ ಕಡೆ ನೋಡುತ್ತಿರಲಿಲ್ಲ. ನೋಡುವ ಅಗತ್ಯವೇ ಅವರಿಗೆ ಬಂದಿರಲಿಲ್ಲ.

ಹಾವೇರಿಯಲ್ಲಿ ಡಾಕ್ಟರು ಕೇಳಿದರು, "ಮತ್ತ ಬಂದಿತ್ತೇನ್ರಿ?"

"ಇಲ್ರಿ. ಒಂದ ಸಲನೂ ಇಲ್ಲ" ಎಂದರು ಇವರು. ಅದರಲ್ಲಿ ಸುಳ್ಳಿರಲಿಲ್ಲ. ಎದೆ ಎತ್ತಿ ಹೇಳಿದರು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೇಳಿದೆ. ಟವೆಲು, ತುಟಿ, ಗಾಳಿಯಲ್ಲಿ ನಿಂತ ತುತ್ತು. ಹೇಳುವಾಗ ಮೇಜಿನ ಮೂಲೆ ನೋಡಿ ಹೇಳಿದೆ. ಇವರ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಡಾಕ್ಟರು ಮಾತ್ರೆ ಹೆಚ್ಚಿಸಿ, "ಕೈಕಾಲು ಬಡೀದಿದ್ರೂ ಅದೂ ಫಿಟ್ಸ ಐತ್ರಿ. ಇನ್ನೂ ಸ್ವಲ್ಪ ದಿನ ತಡೀರಿ" ಎಂದರು.

ಹೊರಗೆ ಬಂದ ಮೇಲೆ ಅವರು ಒಂದೇ ಮಾತು ಕೇಳಿದರು. "ನನಗ ಗೊತ್ತಿಲ್ಲದ್ದು ನಿನಗ ಹೆಂಗ ಗೊತ್ತು?" ಬಸ್ಸಿನಲ್ಲಿ ಇಲಾಖೆಯವರು ಡ್ರೈವರನ ಹಿಂದಿನ ಸೀಟಿನಲ್ಲಿ ಕೂರುವುದು ಪದ್ಧತಿ. ಅವರು ಹೋಗಿ ಕಡೆಯ ಸೀಟಿನಲ್ಲಿ ಕೂತರು, ಒಬ್ಬರೇ.

ಮನೆಯಲ್ಲಿ ಮಾತು ನಿಂತಿತು. ನೀರು ಬೇಕಾದರೂ "ಯವ್ವಾ, ಅಕಿಗೆ ಹೇಳು" ಎನ್ನುತ್ತಿದ್ದರು. ನಮ್ಮತ್ತೆ ಮಗನ ಪರ. "ಗಂಡನ ಅನ್ನಾ ಕಸೀಲಿಕ್ಕೆ ಎಲ್ಲಾ ಬಿಟ್ಟು ಹೆಂಡ್ತಿನ ಬರಬೇಕಾಗಿತ್ತೇನು? ನೋಡೀನೂ ನೋಡದಂಗ ಇದ್ದಿದ್ರ ಏನಾಗ್ತಿತ್ತು?" ಏನಾಗುತ್ತಿತ್ತು ಎಂದು ಹೇಳಲು ಹೋದರೆ ಅಪಶಕುನದ ಮಾತಾಗುತ್ತದೆ. ನನ್ನ ಮೇಲೆ ನನಗೇ ಸಂಶಯ ಬಂದ ದಿನಗಳೂ ಇದ್ದವು. ನಾನು ಕಂಡದ್ದು ಖರೆಯೇ? ಅವರು ಏನೋ ಯೋಚನೆಯಲ್ಲಿದ್ದರೋ? ಅಂಥ ಯೋಚನೆಯನ್ನು ಬೇಕೆಂದೇ ಮಾಡುತ್ತಿದ್ದೆ, ಅದರಲ್ಲಿ ಒಂದು ಸುಖವಿತ್ತು.

ಒಂದು ಸಂಜೆ ಅವರು ಬೇಗ ಮನೆಗೆ ಬಂದರು. ಹಿಂದೆ ಕಂಡಕ್ಟರೂ ಇದ್ದರು. ಅವರು ಒಳಗೆ ಬರದೆ, "ಅಕ್ಕೋರ, ನಾ ಹೇಳೇನಿ ಅವಗ. ನಾ ಹೇಳಲಿಲ್ಲಂದ್ರ ಹೆಂಗ?" ಎಂದು ಹೊರಟುಹೋದರು. ಇವರು ಚಪ್ಪಲಿ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಎಷ್ಟೋ ದಿನಗಳ ಮೇಲೆ ನೇರ ನನಗೆ ಹೇಳಿದ ಮಾತು ಅದು:

"ಇವತ್ತ ಬಂದಿತ್ತಂತ."

ಮೇಡ್ಲೇರಿ ಗಾಡಿ ಕೂಗುತ್ತಿದ್ದರಂತೆ. "ಮೇಡ್ಲೇರಿಗೆ ಹೋಗುವ" ಎಂದವರು ನಿಂತುಬಿಟ್ಟರಂತೆ. ಮೈಕು ಚಾಲೂ ಇತ್ತು. ಇಡೀ ಸ್ಟ್ಯಾಂಡಿಗೆ ತುಟಿ ಚಪ್ಪರಿಸುವ ಸಪ್ಪಳ ಕೇಳಿಸಿತಂತೆ. ಜನ ಮೇಲೆ ಸ್ಪೀಕರಿನ ಕಡೆ ನೋಡಿದರಂತೆ, ಕೆಲವರು ನಕ್ಕರಂತೆ. ಆಮೇಲೆ ಇವರು "ಬಸ್ಸು ಹೊರಡಲು ಸಿದ್ಧವಾಗಿದೆ" ಎಂದು ಮಾತು ಮುಗಿಸಿದರಂತೆ, ನಡುವೆ ಏನೂ ಆಗಿಲ್ಲವೆಂಬಂತೆ. ಎಲ್ಲ "ಅಂತೆ". ತನ್ನದೇ ಸುದ್ದಿಯನ್ನು ಪರವೂರಿನವರ ಸುದ್ದಿಯ ಹಾಗೆ ಹೇಳುತ್ತ ನಿಂತಿದ್ದರು.

"ಅವತ್ತ ರೊಟ್ಟಿ ತಿನ್ನುವಾಗ ನಾ ಹೆಂಗ ಮಾಡಿದ್ದೆ?" ಎಂದರು. "ಮಾಡಿ ತೋರಸು."

"ಬ್ಯಾಡ್ರಿ."

"ತೋರಸು. ನಾ ನೋಡಬೇಕು."

ನಾನು ಚಾಪೆಯ ಮೇಲೆ ಕೂತೆ. ಬಲಗೈ ಬಾಯಿಯ ಹತ್ತಿರ ತಂದು ನಿಲ್ಲಿಸಿದೆ. ಎಡಗೈಯಿಂದ ಸೆರಗಿನ ಅಂಚು ಕೀಳತೊಡಗಿದೆ. ತುಟಿ ಚಪ್ಪರಿಸಿದೆ. ಕಣ್ಣನ್ನು ಅವರ ಮೇಲೆಯೇ ಇಟ್ಟು, ಅವರು ಕಾಣದ ಹಾಗೆ ನೋಡಿದೆ. ಅತ್ತೆ ಬಾಗಿಲಿಗೆ ಬಂದವರು ಬಾಯಿಗೆ ಸೆರಗು ಹಿಡಿದರು. ಇವರು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡಿದರು, ಗಾಡಿಯ ಕೆಳಗೆ ಬಗ್ಗಿ ಏನು ಕೆಟ್ಟಿದೆಯೆಂದು ನೋಡುವ ಹಾಗೆ.

"ಎಷ್ಟ ಹೊತ್ತು ಹಂಗಿದ್ದೆ?"

ನಾನು ಕೈ ಇಳಿಸಿದೆ. ನಿಮಿಷದ ಲೆಕ್ಕ ನನಗೆ ಗೊತ್ತಿರಲಿಲ್ಲ. "ಮೋಟೆಬೆನ್ನೂರಾಗ ಹೈವೇ ಬಿಟ್ಟು ಬ್ಯಾಡಗಿ ರಸ್ತಾಕ್ಕ ಗಾಡಿ ಹೊಳ್ಳಸ್ತೀರಲ್ರಿ, ಅಷ್ಟ ಹೊತ್ತು."

ಆ ತಿರುವು ಅವರ ಕೈಗೆ ಬಾಯಿಪಾಠ. ಅವರ ಎರಡೂ ಕೈ ಎದ್ದವು, ಇಲ್ಲದ ಸ್ಟೇರಿಂಗನ್ನು ಸಾವಕಾಶ ತಿರುಗಿಸಿದವು, ಅರ್ಧಕ್ಕೆ ನಿಂತವು. ಬಹಳ ಹೊತ್ತು ನಿಂತವು. ಆಗ ನನಗೆ ಹೆದರಿಕೆಯಾಗಿ ಅವರ ಮೈಮೇಲೆ ಕೈ ಇಟ್ಟೆ. ಬಂದಿರಲಿಲ್ಲ. ಎಚ್ಚರದಲ್ಲೇ ಇದ್ದರು.

"ಆ ಟ್ರಿಪ್ಪಿಗೆ ನೀನೂ ಇರ್ತಿದ್ದಿ" ಎಂದರು. "ಬಸ್ಸಿನ್ಯಾಗ ಡ್ರೈವರನ ಮಾರಿ ಯಾರ ನೋಡ್ತಾರ? ಎಲ್ಲಾರೂ ರಸ್ತಾ ನೋಡ್ತಾರ."

ಗೂಟದಲ್ಲಿದ್ದ ಖಾಕಿ ಅಂಗಿಯನ್ನು ಅವರೇ ಮಡಚಿ ಟ್ರಂಕಿನಲ್ಲಿಟ್ಟರು. ಮತ್ತೆ ತೆಗೆಯುವ ದಿನ ಬರಬಹುದು, ಬಾರದೆಯೂ ಇರಬಹುದು. ಅವರು ಆ ಮಾತು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಸಂಜೆ ನಾನು ಸಾಲಿಯಿಂದ ಬಂದು ಕಾಲು ತೊಳೆಯುವ ಮೊದಲೇ ಕೇಳುತ್ತಾರೆ, "ಮುಂಜಾನೆ ಏನರ ಬಂದಿತ್ತೇನು?" ನಾನು ನೋಡಿದಷ್ಟು ಹೇಳುತ್ತೇನೆ. ನಾನಿಲ್ಲದ ಹೊತ್ತಿನದನ್ನು ಅತ್ತೆ ಹೇಳುತ್ತಾರೆ. ಈಗ ಅವರೂ ನೋಡುತ್ತಾರೆ.

ಮೊನ್ನೆ ಮತ್ತೆ ಹಾವೇರಿಗೆ ಹೋಗಿದ್ದೆವು. ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಇವರು ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿದ ಹಾಗೆ ತಿರುಗಿ, "ಅಕಿನ್ನ ಕೇಳ್ರಿ" ಎಂದರು.

ನನಗೆ ಅಳು ಬಂದುಬಿಟ್ಟಿತು. ಡಾಕ್ಟರ ಮುಂದೆ, ಹೊರಗೆ ಪಾಳಿ ಕಾಯುತ್ತಿದ್ದ ಜನಕ್ಕೆಲ್ಲ ಕೇಳುವ ಹಾಗೆ ಅಳತೊಡಗಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, "ಯಾವಾಗ ಬಂದಿತ್ತು?" ಎಂದು ಮೆಲ್ಲಗೆ ಕೇಳಿದರು.

"ಬಂದಿಲ್ರಿ" ಎಂದೆ. "ಈ ಸಲ ಬಂದಿಲ್ಲ."